ಕೋಡಿ ನೀರಿಗೆ ಹಳದಿ ಬಣ್ಣ

ಈಗಷ್ಟೇ ಊರಿಂದ ಬಂದೆ. ಊಟಕ್ಕೂ ಕೂರದೆ ಬರೆಯುತ್ತಿದ್ದೇನೆ, ಅಷ್ಟು ತಲೆ ಕೆಟ್ಟಿದೆ.

ಯಾವ ಜಾಗ ಯಾವುದಕ್ಕೆ ಅಂತ ಗೊತ್ತು ಮಾಡುವ ಮಾಸ್ಟರ್ ಪ್ಲಾನ್‌ನ ಕರಡು ನೋಡೋಣ ಅಂತ ಚಿಕ್ಕಪ್ಪನ ಜೊತೆ ಯೋಜನಾ ಪ್ರಾಧಿಕಾರದ ಆಫೀಸಿಗೆ ಹೋಗಿದ್ದೆ. ಗೋಡೆ ತುಂಬ ನಕ್ಷೆ. ಅದರಲ್ಲಿ ನಮ್ಮೂರು ನನ್ನ ಹೆಬ್ಬೆರಳಿನಷ್ಟು. ಕೆರೆ ಕೋಡಿಯ ಕೆಳಗಿನ ಗದ್ದೆಬಯಲಿಗೆಲ್ಲ ಹಳದಿ ಬಳಿದಿದ್ದಾರೆ. ಹಳದಿ ಅಂದ್ರೆ ಮನೆ ಕಟ್ಟಬಹುದು. ಊರ ಮೇಲಿನ ಕಲ್ಲು ದಿಬ್ಬ, ಹುರುಳಿಯೂ ನೆಟ್ಟಗೆ ಬೆಳೆಯದ ಜಾಗ, ಅದು ಹಸಿರು. ಅಲ್ಲಿ ವ್ಯವಸಾಯ ಮಾಡಬೇಕಂತೆ!

ಚಿಕ್ಕಪ್ಪ ನಕ್ಷೆ ಮೇಲೆ ಬೆರಳಿಟ್ಟು ಕೇಳಿದರು. "ಕೋಡಿ ಬಿದ್ರೆ ನೀರು ಎಲ್ಲಿಗೆ ಹೋಗ್ಬೇಕು ಸ್ವಾಮಿ?"

"ಸ್ಯಾಟಲೈಟ್ ನೋಡಿ ಮಾಡಿರೋದು ಯಜಮಾನ್ರೇ. ಆಕ್ಷೇಪಣೆ ಇದ್ರೆ ಬರ್ಕೊಡಿ," ಅಂದರು ಅಲ್ಲಿನ ಸಿಬ್ಬಂದಿ.

ಸ್ಯಾಟಲೈಟು ಬೇಸಿಗೆಯಲ್ಲಿ ಬಂದು ಹೋಗಿತ್ತೇನೋ.

ನನ್ನ ಸಿಟ್ಟು ಆ ಮನುಷ್ಯನ ಮೇಲಲ್ಲ. ನಮ್ಮ ಕರ್ನಾಟಕದ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರದ್ದು. ಪಂಚಾಯ್ತಿ, ನಗರಸಭೆಗಳಿಗೆ ಸಂವಿಧಾನದಲ್ಲಿ ಗಟ್ಟಿ ಜಾಗ ಸಿಕ್ಕಿದ್ದು 1993ರಲ್ಲಿ. ಕಾಯ್ದೆಗೆ ತಿದ್ದುಪಡಿ ಆಗುತ್ತಲೇ ಇದೆ, ಆದರೆ ಪೆನ್ಸಿಲ್ ಮಾತ್ರ ಪ್ರಾಧಿಕಾರದ ಕೈಯಲ್ಲೇ. ಊರು ಏನಿದ್ದರೂ ಅರ್ಜಿ ಹಿಡಿದು ನಿಲ್ಲಬೇಕು. ದೊಡ್ಡ ನಗರ ಮತ್ತು ಸುತ್ತಲಿನ ಊರುಗಳ ಯೋಜನೆಯ ಕರಡು ಮಾಡಬೇಕಾದ ಮಹಾನಗರ ಯೋಜನಾ ಸಮಿತಿಯಲ್ಲಿ ಮೂರನೇ ಎರಡು ಭಾಗ ಚುನಾಯಿತರೇ ಇರಬೇಕು ಅಂತ ಸಂವಿಧಾನ ಹೇಳುತ್ತೆ. ಆದರೆ ಪ್ರಾಧಿಕಾರವೇ ಪ್ಲಾನ್ ಮಾಡಿದ ಬೆಂಗಳೂರಿನ ಕಥೆ ನೋಡಿ: 2007ರಲ್ಲಿ ಒಪ್ಪಿಗೆಯಾದ '2015ರವರೆಗಿನ ಪ್ಲಾನ್' ಇಟ್ಟುಕೊಂಡೇ ವರ್ಷಗಟ್ಟಲೆ ತಳ್ಳಿದೆವು. 2031ಕ್ಕೆ ಅಂತ 2017ರಲ್ಲಿ ಬಂದ ಕರಡು ವಾಪಸ್ ಹೋಯಿತು. ಪಕ್ಕದ ಕೇರಳದ 2016ರ ಕಾಯ್ದೆಯಲ್ಲಿ ಗ್ರಾಮ ಪಂಚಾಯ್ತಿಯೂ ತನ್ನ ಮಾಸ್ಟರ್ ಪ್ಲಾನ್ ತಾನೇ ಮಾಡಬಹುದು. ನಮಗೇನು ಬರಲ್ವಾ?

ಗೊತ್ತು, ಈಗ ಕಾಮೆಂಟಿನಲ್ಲಿ ಬರುತ್ತೀರಿ. "ಪಂಚಾಯ್ತಿ ಕೈಗೆ ಕೊಟ್ರೆ ಗೋಮಾಳನೂ ಸೈಟ್ ಮಾಡಿ ಮಾರ್ತಾರೆ." ಮಾರ್ತಾರೆ, ಇಲ್ಲ ಅಂದವರ್ಯಾರು? ಪ್ರಾಧಿಕಾರ ಇದ್ದಾಗ ಮಾರಿಲ್ವಾ? ನಾನೇ ಸಾಕ್ಷಿ. ಕಡಿಮೆಗೆ ಸಿಕ್ತು ಅಂತ ರೆವಿನ್ಯೂ ಸೈಟ್ (ಒಪ್ಪಿಗೆಯಿಲ್ಲದೆ ಜಮೀನು ತುಂಡು ಮಾಡಿ ಮಾರಿದ್ದು) ತಗೊಂಡು, ದಾಖಲೆ ಪೂರ್ತಿ ಸರಿಯಿಲ್ಲದ ಬಿ ಖಾತಾ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಜೋರು ಮಳೆ ಬಂದರೆ ರಾಜಕಾಲುವೆ ನೀರು ಗೇಟಿನವರೆಗೂ ಬರುತ್ತೆ. ಹೆಂಡತಿ ಮಾತಾಡಲ್ಲ, ಸುಮ್ನೆ ನನ್ನನ್ನು ನೋಡ್ತಾಳೆ. ಹೀಗಾಗಿ ಕೋಡಿ ಕೆಳಗೆ ಮನೆ ಕಟ್ಟೋದು ಅಂದ್ರೆ ಏನು ಅಂತ ನನಗೆ ಯಾರೂ ಪಾಠ ಹೇಳೋದು ಬೇಡ.

ಪಂಚಾಯ್ತಿ ಸದಸ್ಯ ತಪ್ಪು ಬಣ್ಣ ಬಳಿದರೆ ಅವನ ಮನೆ ಮುಂದೆ ಹೋಗಿ ಬೈಯಬಹುದು. ಸ್ಯಾಟಲೈಟಿನ ಮನೆ ಎಲ್ಲಿದೆ?

ಕೊನೆಗೆ ಚಿಕ್ಕಪ್ಪ ಅಲ್ಲೇ ಬೆಂಚಿನ ಮೇಲೆ ಕೂತು ಆಕ್ಷೇಪಣೆ ಬರೆದರು. 2022ರಲ್ಲಿ ಕೋಡಿ ಹರಿದಾಗ ಗದ್ದೆಯಲ್ಲಿ ಸೊಂಟದವರೆಗೆ ನೀರಿತ್ತು ಅಂತ, ಅಷ್ಟೇ. ಕೌಂಟರಿನ ಹುಡುಗ ಓದಿ ವಾಪಸ್ ಕೊಟ್ಟ.

"ನೀರು ಹರಿಯೋ ದಾರಿಯ ಸರ್ವೆ ನಂಬರ್ ಹಾಕಿಲ್ವಲ್ಲ ತಾತ?"