ಗೋಡೆಯೊಳಗಿನ ಸಾಮಾನು ಲೆಕ್ಕಕ್ಕೆ ಬೇಡವಾ?

ಕಳೆದ ಗುರುವಾರ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದ್ದೆ ಅಷ್ಟೆ, ಯಾರ್ಡ್‌ನಿಂದ ಫೋನ್ ಬಂತು. "ಮೇಡಂ, ಈ ಪ್ಯಾನೆಲ್‌ಗೆ ಪ್ರಾಪ್ ಬಿಗಿಯೋ ಸಾಕೆಟ್ಟೇ ಇಲ್ಲವಲ್ಲ. 14 ಪ್ಯಾನೆಲ್ ಕಾಸ್ಟಿಂಗ್ ಆಗೋಯ್ತು."

ಡಬ್ಬಿ ಹಾಗೇ ಮುಚ್ಚಿದೆ. ನಾಲ್ಕು ದಿನ ಆಯ್ತು, ಸಿಟ್ಟು ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಕೆಲಸ ಬೆಂಗಳೂರಿನ ಒಂದು ಆಫೀಸಿನಲ್ಲಿ ಪ್ರೀಕಾಸ್ಟ್ ಕಟ್ಟಡಗಳ ಮೂರು ಆಯಾಮದ ಮಾಡೆಲ್ ಅನ್ನು ಕಂಪ್ಯೂಟರ್‌ನಲ್ಲಿ ಮಾಡುವುದು. ಗೋಡೆಗಳನ್ನು ಸೈಟಿನಲ್ಲಿ ಕಟ್ಟುವುದಿಲ್ಲ, ಯಾರ್ಡ್‌ನಲ್ಲಿ ಮಲಗಿಸಿ ಕಾಂಕ್ರೀಟ್ ಹಾಕಿ, ಲಾರಿಯಲ್ಲಿ ತಂದು, ಕ್ರೇನ್‌ನಲ್ಲಿ ಎತ್ತಿ ನಿಲ್ಲಿಸುತ್ತಾರೆ. ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಎತ್ತರ, 150 ಮಿಲಿಮೀಟರ್ ದಪ್ಪದ ಒಂದು ಪ್ಯಾನೆಲ್ ಅಂದರೆ 1.8 ಘನ ಮೀಟರ್ ಕಾಂಕ್ರೀಟ್. ಸುಮಾರು ನಾಲ್ಕೂವರೆ ಟನ್ ತೂಕ. ಅದರ ಹೊಟ್ಟೆಯೊಳಗೆ ಬೇಕಾದಷ್ಟು ಸಾಮಾನು ಇರುತ್ತದೆ. ಕ್ರೇನ್ ಕೊಕ್ಕೆ ಸಿಕ್ಕಿಸಲು ನೆತ್ತಿಯಲ್ಲಿ ಎರಡು ಲಿಫ್ಟಿಂಗ್ ಆಂಕರ್. ನಿಲ್ಲಿಸಿದ ಮೇಲೆ ಬೀಳದಂತೆ ಓರೆಯಾಗಿ ಕೊಡುವ ಆಸರೆ ಕಂಬ, ಅಂದರೆ ಪ್ರಾಪ್, ಬಿಗಿಯಲು ಎರಡು ಸಾಕೆಟ್; ಬೋಲ್ಟ್ ತಿರುಗಿಸುವ ಲೋಹದ ಗೂಡು ಅದು. ಕೆಳಗಿನ ಗೋಡೆಯಿಂದ ಮೇಲೆ ಬರುವ ಡೋವೆಲ್ ಕಂಬಿ ಕೂರಲು ಟ್ಯೂಬ್, ಅದಕ್ಕೆ ಆಮೇಲೆ ಗ್ರೌಟ್, ಅಂದರೆ ತೆಳುವಾದ ಸಿಮೆಂಟ್ ಗಾರೆ, ತುಂಬುತ್ತಾರೆ. ಸ್ವಿಚ್ ಬೋರ್ಡಿನ ಡಬ್ಬಿ ಬೇರೆ. ಇದೆಲ್ಲ ಕಾಂಕ್ರೀಟ್ ಸುರಿಯುವ ಮೊದಲೇ ಅಚ್ಚಿನೊಳಗೆ ಕೂತಿರಬೇಕು. ಆಮೇಲೆ ನೆನಪಾದರೆ ಗೋಡೆ ಕೊರೆಯಬೇಕು.

ಮಾಡೆಲ್‌ನಲ್ಲಿ ಇಷ್ಟನ್ನೂ ಕೂರಿಸಿದ್ದೆ. ಪ್ಯಾನೆಲ್ ಒಂದು ಫ್ಯಾಮಿಲಿ (ಒಮ್ಮೆ ಮಾಡಿಟ್ಟು ಬೇಕಾದಷ್ಟು ಸಲ ಬಳಸುವ ವಸ್ತುವಿಗೆ ಸಾಫ್ಟ್‌ವೇರ್ ಇಟ್ಟ ಹೆಸರು), ಅದರೊಳಗೆ ಆಂಕರ್, ಸಾಕೆಟ್, ಟ್ಯೂಬ್ ಎಲ್ಲ ನೆಸ್ಟೆಡ್, ಅಂದರೆ ಫ್ಯಾಮಿಲಿಯೊಳಗೆ ಕೂರಿಸಿದ ಫ್ಯಾಮಿಲಿ. ಪ್ಯಾನೆಲ್ಲು, ಅದರ ಕಂಬಿ ಎಲ್ಲ ಸೇರಿಸಿ ಒಂದು ಅಸೆಂಬ್ಲಿ. ಪ್ರತಿ ಅಸೆಂಬ್ಲಿಗೂ ಒಂದು ಡ್ರಾಯಿಂಗ್ ಶೀಟ್, ಶೀಟಿನ ಮೂಲೆಯಲ್ಲಿ ಶೆಡ್ಯೂಲ್, ಅಂದರೆ ಸಾಫ್ಟ್‌ವೇರ್ ಎಣಿಸಿ ಕೊಡುವ ಸಾಮಾನಿನ ಪಟ್ಟಿ. ಒಟ್ಟು 312 ಪ್ಯಾನೆಲ್. ತೆರೆಯ ಮೇಲೆ ತಿರುಗಿಸಿ ನೋಡಿದರೆ ಸಾಕೆಟ್ ಕಾಣುತ್ತದೆ. ಡ್ರಾಯಿಂಗ್‌ನಲ್ಲೂ ಇದೆ. ಶೆಡ್ಯೂಲ್‌ನಲ್ಲಿ ಮಾತ್ರ ಇಲ್ಲ!

ಯಾಕೆ ಇಲ್ಲ? ಆ ಸಾಕೆಟ್ ಫ್ಯಾಮಿಲಿಯ ಸೆಟ್ಟಿಂಗ್ ಒಳಗೆ 'ಶೇರ್ಡ್' ಅಂತ ಒಂದು ಪುಟ್ಟ ಚೌಕ ಇರುತ್ತದೆ. ಅದಕ್ಕೆ ಟಿಕ್ ಬಿದ್ದಿರಲಿಲ್ಲ. ಟಿಕ್ ಇಲ್ಲದಿದ್ದರೆ ಒಳಗಿನ ವಸ್ತುವನ್ನು ಹೊರಗಿನದು ನುಂಗಿಬಿಡುತ್ತದೆ. ಎಣಿಸೋಕೆ ಆಗಲ್ಲ, ಟ್ಯಾಗ್ ಹಾಕೋಕೆ ಆಗಲ್ಲ. ಆ ಫ್ಯಾಮಿಲಿ ಮಾಡಿದವರು ನಾನು ಸೇರುವ ಮೊದಲೇ ಕೆಲಸ ಬಿಟ್ಟು ಹೋಗಿದ್ದಾರೆ. ಅವರನ್ನು ಬೈದು ಪ್ರಯೋಜನ ಇಲ್ಲ, ಬೈಯುವುದೂ ಇಲ್ಲ. ನನ್ನ ಪ್ರಶ್ನೆ ಸಾಫ್ಟ್‌ವೇರ್ ಮಾಡಿದವರಿಗೆ. ಎರಡು ಗೋಡೆ ಒಂಚೂರು ಒಂದರ ಮೇಲೊಂದು ಬಂದರೆ ಹಳದಿ ಡಬ್ಬಿ ತೋರಿಸಿ ಎಚ್ಚರಿಸುತ್ತೀರಿ. 624 ಸಾಕೆಟ್ ಲೆಕ್ಕದಿಂದ ಜಾರಿಹೋದಾಗ ಒಂದು ಮಾತು ಹೇಳೋಕೆ ಆಗಲಿಲ್ವಾ?

ಯಾರ್ಡ್‌ನಲ್ಲಿ ಡ್ರಾಯಿಂಗ್ ನೋಡಬೇಕಿತ್ತು ಅಂತ ನಮ್ಮ ಮ್ಯಾನೇಜರ್ ಹೇಳಿದರು. ಹೇಳುವುದು ಸುಲಭ. ಅಲ್ಲಿ ಸ್ಟೋರಿನವರು ಸಾಮಾನು ಎಣಿಸಿ ಕೊಡುವುದು ಪಟ್ಟಿ ನೋಡಿ. ಪಟ್ಟಿಯಲ್ಲಿ ಇಲ್ಲದ ಸಾಮಾನನ್ನು ಫಿಟ್ಟರ್ ಎಲ್ಲಿಂದ ತರಬೇಕು? ಅವರ ತಪ್ಪು ಒಂದಿಷ್ಟೂ ಇಲ್ಲ. ಈಗ ಆ 14 ಪ್ಯಾನೆಲ್‌ಗೆ 28 ತೂತು ಕೊರೆಯುತ್ತಿದ್ದಾರೆ. ಶನಿವಾರ ನಾನೇ ಹೋಗಿ ನಿಂತು ನೋಡಿದೆ. ಒಬ್ಬ ಹುಡುಗ ಮೂಗಿಗೆ ಕರ್ಚೀಫ್ ಕಟ್ಟಿಕೊಂಡು, ಮಂಡಿ ಊರಿ, ಹ್ಯಾಮರ್ ಡ್ರಿಲ್ ಒತ್ತಿ ಹಿಡಿದಿದ್ದ. ಮೂರನೇ ತೂತಿಗೇ ಬಿಟ್ ಹೋಗಿ ಕಂಬಿಗೆ ಬಡಿಯಿತು. ಕಿರ್ರ್ ಅಂತ ಸದ್ದು. ಬಿಟ್ ತೆಗೆದು, ಎರಡು ಇಂಚು ಪಕ್ಕಕ್ಕೆ ಸರಿಸಿ, ಮತ್ತೆ ಶುರು. ಬಿಳಿ ಧೂಳು ಅವನ ರೆಪ್ಪೆ ಮೇಲೆಲ್ಲ ಕೂತಿತ್ತು. ನನ್ನ ಕಡೆ ತಿರುಗಿ "ಇದು ಎಷ್ಟು ಇದೆ ಮೇಡಂ ಇನ್ನೂ?" ಅಂತ ಕೇಳಿದ. ಇಪ್ಪತ್ತೈದು ಅಂದೆ. ಅವನು ಏನೂ ಅನ್ನಲಿಲ್ಲ.

ಟಿಕ್ ಹಾಕಿಬಿಟ್ಟರೆ ಮುಗೀತು ಅಂತ ನೀವು ಅಂದುಕೊಳ್ಳಬಹುದು. ನಾನೂ ಹಾಗೇ ಅಂದುಕೊಂಡೆ. ಗುರುವಾರ ಸಂಜೆ ಕೂತು ಎಲ್ಲ ನೆಸ್ಟೆಡ್ ಫ್ಯಾಮಿಲಿ ತೆರೆದು ಟಿಕ್ ಹಾಕಿ ವಾಪಸ್ ಲೋಡ್ ಮಾಡಿದೆ. ಮೊದಲ ಪೆಟ್ಟು ಅಲ್ಲೇ ಬಿತ್ತು. ಆಂಕರ್‌ನ ಉದ್ದ ಟೈಪ್ ಪ್ಯಾರಾಮೀಟರ್‌ನಲ್ಲಿತ್ತು, ಅಂದರೆ ಒಂದು ಟೈಪಿನ ಎಲ್ಲ ಪ್ರತಿಗಳಿಗೂ ಒಂದೇ ಅಳತೆ ಇಡುವ ಜಾಗದಲ್ಲಿ, ಹೊರಗಿನ ಪ್ಯಾನೆಲ್ ಅದನ್ನು ಹಿಡಿದು ಉದ್ದ ಬದಲಿಸುತ್ತಿತ್ತು. ಶೇರ್ಡ್ ಆದ ಕೂಡಲೇ ಆ ಹಿಡಿತ ತಪ್ಪಿತು. ಒಂದೊಂದು ಅಳತೆಗೆ ಬೇರೆ ಬೇರೆ ಟೈಪ್ ಮಾಡಿ ಕೂರಿಸಬೇಕಾಯಿತು. ರಾತ್ರಿ ಹತ್ತೂವರೆ ಆಗಿತ್ತು.

ಎರಡನೆಯದು ಶುಕ್ರವಾರ ಬೆಳಿಗ್ಗೆ. ಶೆಡ್ಯೂಲ್ ತೆಗೆದರೆ ಆಂಕರ್ 1248! ಪ್ಯಾನೆಲ್‌ಗೆ ಎರಡರ ಹಾಗೆ 624 ಇರಬೇಕು. ಎದೆ ಧಸಕ್ ಅಂತು. ಹುಡುಕಿದರೆ ಆಂಕರ್ ಒಳಗೆ ಇನ್ನೊಂದು ಫ್ಯಾಮಿಲಿ ಇದೆ, ಆಂಕರ್ ತಲೆಯ ಸುತ್ತ ಗುಂಡಿ ಉಳಿಸುವ ರಬ್ಬರ್ ಫಾರ್ಮರ್. ಅದೂ ಶೇರ್ಡ್, ಅದರ ಕೆಟಗರಿಯೂ ಅದೇ. ಎರಡನ್ನೂ ಒಂದೇ ಗುಂಪಿಗೆ ಹಾಕಿ ಎಣಿಸಿತ್ತು. ಆ ರಬ್ಬರ್ ಫಾರ್ಮರ್ ಅನ್ನು ಕಾಂಕ್ರೀಟ್ ಗಟ್ಟಿಯಾದ ಮೇಲೆ ಕಿತ್ತು ಮುಂದಿನ ಪ್ಯಾನೆಲ್‌ಗೆ ಹಾಕುತ್ತಾರೆ. ಅದನ್ನು ಆಂಕರ್ ಜೊತೆ ಕೂಡಿಸಿ ಖರೀದಿಗೆ ಕಳಿಸಿದ್ದರೆ ಏನಾಗುತ್ತಿತ್ತು ಯೋಚಿಸಿ. ಮೊದಲು ಸಾಕೆಟ್ ಸೊನ್ನೆ, ಆಮೇಲೆ ಆಂಕರ್ ದುಪ್ಪಟ್ಟು.

ಮೂರನೆಯದೇ ನನ್ನ ತಲೆ ಕೆಡಿಸಿದ್ದು. ಈಗ ಸಾಕೆಟ್‌ಗಳು ಪಟ್ಟಿಗೆ ಬಂದವು. ಆದರೆ ಯಾವ ಸಾಕೆಟ್ ಯಾವ ಪ್ಯಾನೆಲ್‌ನದು? ಅಸೆಂಬ್ಲಿ ಹೆಸರಿನ ಕಾಲಂ ಹಾಕಿದೆ. ಪ್ಯಾನೆಲ್ ಸಾಲುಗಳಲ್ಲಿ ಪಿ-41, ಪಿ-42 ಅಂತ ಬಂತು. ಒಳಗಿನ ಸಾಮಾನಿನ ಸಾಲುಗಳಲ್ಲಿ ಖಾಲಿ. 600ಕ್ಕೂ ಜಾಸ್ತಿ ಸಾಲು, ಒಂದರ ಮುಂದೂ ಮನೆ ವಿಳಾಸ ಇಲ್ಲ. ಅಸೆಂಬ್ಲಿ ಹೆಸರಿನ ಮೇಲೆ ಫಿಲ್ಟರ್ ಹಾಕಿದರೆ ಅಷ್ಟೂ ಮಾಯ. ಯಾರ್ಡ್‌ಗೆ ಬೇಕಿರುವುದು ಪ್ಯಾನೆಲ್‌ವಾರು ಪಟ್ಟಿ. ಒಟ್ಟು ಲೆಕ್ಕ ಖರೀದಿಯವರಿಗೆ ಸಾಕು, ಅಚ್ಚಿನ ಮುಂದೆ ನಿಂತವನಿಗೆ ಸಾಲದು. ಮದುವೆ ಮನೆಗೆ ಒಬ್ಬಟ್ಟು 500 ಅಂತ ಚೀಟಿ ಕೊಟ್ಟರೆ ದಿನಸಿ ಅಂಗಡಿಯವನು ಏನು ಕಟ್ಟಿ ಕೊಡುತ್ತಾನೆ? ಬೇಳೆ ಎಷ್ಟು, ಬೆಲ್ಲ ಎಷ್ಟು ಅಂತ ಬರೆದಿರಬೇಕು ಅಲ್ವಾ?

ಇನ್ನೂ ಸಿಟ್ಟು ಬರುವ ವಿಷಯ ಹೇಳುತ್ತೇನೆ. ಸಾಫ್ಟ್‌ವೇರ್‌ಗೆ ಇದು ಗೊತ್ತು! ನಮ್ಮ ಆಫೀಸಿನ ಒಬ್ಬ ಹುಡುಗನಿಗೆ ಸ್ಕ್ರಿಪ್ಟ್, ಅಂದರೆ ಸಾಫ್ಟ್‌ವೇರ್‌ನಿಂದ ಕೆಲಸ ಮಾಡಿಸುವ ಪುಟ್ಟ ಪ್ರೋಗ್ರಾಂ, ಬರೆಯಲು ಬರುತ್ತದೆ. ಅವನು ನಾಲ್ಕು ಸಾಲು ಬರೆದು ಒಂದು ಸಾಕೆಟ್ ಹಿಡಿದು "ನಿನ್ನ ಹೊರಗಿನವರು ಯಾರು" ಅಂತ ಕೇಳಿದ. ಥಟ್ ಅಂತ ಪ್ಯಾನೆಲ್ ಹೆಸರು ಕೊಟ್ಟಿತು. ಪ್ಯಾನೆಲ್ ಹಿಡಿದು "ನಿನ್ನೊಳಗೆ ಏನೇನಿದೆ" ಅಂದರೆ ಅದನ್ನೂ ಕೊಟ್ಟಿತು. ಅಂದರೆ ಸಂಬಂಧ ಒಳಗೆ ಭದ್ರವಾಗಿ ಬರೆದಿಟ್ಟಿದ್ದಾರೆ. ಶೆಡ್ಯೂಲ್‌ನಲ್ಲಿ ಒಂದು ಕಾಲಂ ಆಗಿ ತೋರಿಸಲು ಮಾತ್ರ ಕೈ ಬರಲಿಲ್ಲ. ಸ್ಕ್ರಿಪ್ಟ್ ಬಾರದ ನನ್ನಂಥವರು ಏನು ಮಾಡಬೇಕು? ವರ್ಷಾವರ್ಷ ಲೈಸೆನ್ಸಿಗೆ ದುಡ್ಡು ಕಟ್ಟುವುದು ಯಾತಕ್ಕೆ?

ಇದೇನು ಯಾರೂ ಯೋಚಿಸದ ಹೊಸ ವಿಷಯವೂ ಅಲ್ಲ. ಬೇರೆ ಬೇರೆ ಸಾಫ್ಟ್‌ವೇರ್‌ಗಳ ನಡುವೆ ಮಾಡೆಲ್ ಕೊಟ್ಟು ತೆಗೆದುಕೊಳ್ಳಲು ಐಎಫ್‌ಸಿ ಅಂತ ಎಲ್ಲರೂ ಬಳಸಬಹುದಾದ ಒಂದು ನಮೂನೆ ಇದೆ. 2013ರಲ್ಲೇ ಅದು ಐಎಸ್‌ಓ 16739 ಅನ್ನುವ ಅಂತರರಾಷ್ಟ್ರೀಯ ಮಾನದಂಡವಾಗಿ ಬಂದಿದೆ. ಇಡೀ ವಸ್ತು ಯಾವುದು, ಅದರ ಭಾಗಗಳು ಯಾವುವು ಅಂತ ಹೇಳುವ ಕೊಂಡಿ ಅದರಲ್ಲಿದೆ.

ಅಷ್ಟು ದೂರ ಯಾಕೆ, ನಮ್ಮ ಬಾರ್ ಬೆಂಡರ್ (ಕಂಬಿ ಕತ್ತರಿಸಿ ಬಗ್ಗಿಸುವವರು) ಹತ್ತಿರ ಇರುವ ಬಿಬಿಎಸ್, ಅಂದರೆ ಬಾರ್ ಬೆಂಡಿಂಗ್ ಶೆಡ್ಯೂಲ್, ಹಾಳೆ ನೋಡಿ. ಬಾರ್ ಮಾರ್ಕ್ (ಕಂಬಿಯ ಗುರುತು), ವ್ಯಾಸ, ಮೆಂಬರ್ (ತೊಲೆ, ಕಂಬದಂಥ ಭಾಗ) ಎಷ್ಟು, ಒಂದು ಮೆಂಬರ್‌ನಲ್ಲಿ ಕಂಬಿ ಎಷ್ಟು, ಒಟ್ಟು ಎಷ್ಟು, ಕತ್ತರಿಸುವ ಉದ್ದ ಎಷ್ಟು. ನಾನು ಡಿಪ್ಲೊಮಾ ಮುಗಿಸಿ ಮೊದಲು ಸೈಟಿಗೆ ಹೋದಾಗ ಒಬ್ಬ ಹಿರಿಯ ಮೇಸ್ತ್ರಿ ಸಿಮೆಂಟ್ ಚೀಲದ ಕಾಗದದ ಹಿಂದೆ ಇದನ್ನು ಪೆನ್ಸಿಲ್‌ನಲ್ಲಿ ಬರೆದು ತೋರಿಸಿದ್ದರು. ಒಂದರೊಳಗೆ ಎಷ್ಟು, ಅಂಥವು ಎಷ್ಟು, ಗುಣಿಸಿದರೆ ಎಷ್ಟು. ನನಗೆ ಈ ಸಾಫ್ಟ್‌ವೇರ್‌ನಿಂದ ಬೇಕಿರುವುದೂ ಆ ಮೂರು ಕಾಲಂ, ಅಷ್ಟೇ.

ದಾರಿ ಇದೆ ಅಂತ ತಿಳಿದವರು ಹೇಳುತ್ತಾರೆ. ಇದೆ, ನಾನೂ ಅದನ್ನೇ ಮಾಡುತ್ತಿದ್ದೇನೆ. ಒಳಗಿನ ಪ್ರತಿ ಫ್ಯಾಮಿಲಿಗೂ 'ಪ್ಯಾನೆಲ್ ನಂಬರ್' ಅಂತ ಒಂದು ಇನ್‌ಸ್ಟನ್ಸ್ ಪ್ಯಾರಾಮೀಟರ್, ಅಂದರೆ ಒಂದೊಂದು ಪ್ರತಿಗೂ ಬೇರೆ ಬೇರೆ ತುಂಬಬಹುದಾದ ಮಾಹಿತಿ, ಕೊಡಬೇಕು. ಅದನ್ನು ಹೊರಗಿನ ಪ್ಯಾನೆಲ್‌ನ ಪ್ಯಾರಾಮೀಟರ್‌ಗೆ ಗಂಟು ಹಾಕಬೇಕು. ಹೊರಗೆ ನಂಬರ್ ತುಂಬಿದರೆ ಒಳಗೂ ಇಳಿಯುತ್ತದೆ. ಅದು ಶೆಡ್ಯೂಲ್‌ಗೆ ಬರಬೇಕಾದರೆ 'ಶೇರ್ಡ್ ಪ್ಯಾರಾಮೀಟರ್', ಅಂದರೆ ಹಲವು ಫ್ಯಾಮಿಲಿಗಳು ಹಂಚಿಕೊಳ್ಳುವ ಒಂದೇ ಪ್ಯಾರಾಮೀಟರ್, ಆಗಿರಬೇಕು. ಈ ಶೇರ್ಡ್ ಬೇರೆ, ಮೊದಲು ಹೇಳಿದ ಶೇರ್ಡ್ ಬೇರೆ! ಎರಡು ಬೇರೆ ಕೆಲಸಕ್ಕೆ ಒಂದೇ ಹೆಸರು. ಹೊಸದಾಗಿ ಸೇರಿದ ಹುಡುಗಿಯೊಬ್ಬಳಿಗೆ ಇದನ್ನು ಅರ್ಥ ಮಾಡಿಸಲು ನನಗೆ ಒಂದು ಇಡೀ ಮಧ್ಯಾಹ್ನ ಬೇಕಾಯಿತು. ಅವಳು ದಡ್ಡಿಯಲ್ಲ. ಹೆಸರಿಟ್ಟವರು ಸರಿಯಾಗಿ ಇಟ್ಟಿಲ್ಲ.

ಈ ದಾರಿಯಲ್ಲೂ ಒಂದು ಹೊಂಡ ಇದೆ. ಪ್ಯಾನೆಲ್ ಹೆಸರು ಈಗ ಎರಡು ಕಡೆ ಇರುತ್ತದೆ, ಅಸೆಂಬ್ಲಿಯಲ್ಲಿ ಒಂದು, ನಾನು ಕೈಯಾರೆ ತುಂಬಿದ್ದು ಒಂದು. ಅಸೆಂಬ್ಲಿ ಹೆಸರು ಬದಲಾದರೆ ನನ್ನದು ಬದಲಾಗುವುದಿಲ್ಲ. ಯಾರೂ ಹೇಳುವುದೂ ಇಲ್ಲ.

ಇನ್ನು "ಸುಮ್ನೆ ಎಕ್ಸೆಲ್‌ಗೆ ಹಾಕಿ ಎಣಿಸಿಬಿಡಿ, ಅದೇನು ದೊಡ್ಡ ಕೆಲಸ" ಅನ್ನುವವರಿಗೆ ಒಂದು ಮಾತು. ಮಾಡೆಲ್ ಮಾಡಿದರೆ ಲೆಕ್ಕ ತಾನಾಗಿ ಬರುತ್ತದೆ ಅಂತ ಕ್ಲೈಂಟ್ ಮುಂದೆ ಹೇಳಿದವರು ನೀವು. ಆ ಮಾತಿನ ಮೇಲೆ ದಿನಗಳನ್ನು ಕಡಿಮೆ ಮಾಡಿ ಒಪ್ಪಿಕೊಂಡವರೂ ನೀವೇ. ಕೈಯಲ್ಲಿ ಎಣಿಸುವುದಾದರೆ ಅದಕ್ಕೆ ಸಮಯ ಕೊಡಿ, ಇನ್ನೊಬ್ಬರನ್ನು ಕೊಡಿ. ರಾತ್ರಿ ಹನ್ನೊಂದಕ್ಕೆ ಎಣಿಸಿದ ಲೆಕ್ಕದಲ್ಲಿ ಒಂದು ತಪ್ಪಿದರೆ ಬೆಳಿಗ್ಗೆ ಮೀಟಿಂಗ್‌ನಲ್ಲಿ ನನ್ನ ಹೆಸರು ಹಿಡಿದು ಕೇಳಬೇಡಿ. ಅದು ನಾಲ್ಕೂವರೆ ಟನ್ ಗೋಡೆ. ಕೆಳಗೆ ಜನ ನಿಂತಿರುತ್ತಾರೆ. ಆಂಕರ್, ಸಾಕೆಟ್ ಲೆಕ್ಕ ಅಂದರೆ ಅವರ ತಲೆ ಮೇಲಿನ ಲೆಕ್ಕ.

ಇವತ್ತು ಸೋಮವಾರ. ಸಂಜೆ ಐದಕ್ಕೆ ಕ್ಲೈಂಟ್‌ನಿಂದ ಬದಲಾವಣೆ ಬಂದಿದೆ, ಮೂರನೇ ಮಹಡಿಯಿಂದ ಮೇಲೆ ಪ್ಯಾನೆಲ್ ನಂಬರ್ ಎಲ್ಲ ಹೊಸದು. ಸ್ಕ್ರಿಪ್ಟ್ ಬರೆಯುವ ಹುಡುಗ ರಜೆಯಲ್ಲಿ ಊರಿಗೆ ಹೋಗಿದ್ದಾನೆ. ನಾಳೆ ಒಂಬತ್ತಕ್ಕೆ ಯಾರ್ಡ್‌ಗೆ ಪಟ್ಟಿ ಸೇರಬೇಕು. ಒಂದೊಂದೇ ಪ್ಯಾನೆಲ್ ತೆರೆದು ಹೊಸ ನಂಬರ್ ತುಂಬುತ್ತಿದ್ದೇನೆ. ಈಗ ಪಿ-187ರಲ್ಲಿದ್ದೇನೆ, ಇನ್ನೂ 125 ಬಾಕಿ ಇದೆ.