ಒಂದು ಕಾಲಂ ತಾನೇ, ಸೇರಿಸಿ ಮಾರಾಯ್ರೆ!

ನಾವು ಜಾವಾ ಭಾಷೆಯಲ್ಲಿ ಬರೆದ ಅಡಿಕೆ ಬೆಳೆಗಾರರ ಆನ್‌ಲೈನ್ ಅರ್ಜಿಯಲ್ಲಿ ಹೆಸರು ಇಂಗ್ಲಿಷಿನ ಜೊತೆ ಕನ್ನಡದಲ್ಲೂ ಬೇಕಂತೆ. ಕಾಸರಗೋಡಲ್ಲಿ ಕೂತು ಇದಕ್ಕೆ ಬೇಡ ಅನ್ನಲಾದೀತೇ? ಒಂದೇ ಒಂದು ಹೆಸರು!

ಆ ಹೆಸರಿಗೆ ಮೊದಲು ಡೇಟಾಬೇಸಿನ ಟೇಬಲ್ಲಿನಲ್ಲಿ ಒಂದು ಕಾಲಂ ಹಾಕು. ಆಮೇಲೆ ಕೋಡಿನಲ್ಲಿ ಆ ಟೇಬಲ್ಲಿನ ಪಡಿಯಚ್ಚಾದ ಎಂಟಿಟಿ ಕ್ಲಾಸಿಗೆ, ಅದನ್ನು ಓದಲೊಂದು ಗೆಟ್ಟರ್, ಬರೆಯಲೊಂದು ಸೆಟ್ಟರ್. ಒಳಬರುವ ಮಾಹಿತಿ ಹೊರುವ ರಿಕ್ವೆಸ್ಟ್ ಡಿಟಿಒಗೆ ಮತ್ತೊಮ್ಮೆ, ಹೊರಹೋಗುವುದನ್ನು ಹೊರುವ ರೆಸ್ಪಾನ್ಸ್ ಡಿಟಿಒಗೆ ಮಗದೊಮ್ಮೆ. ಮ್ಯಾಪರಿನಲ್ಲಿ ಡಿಟಿಒದಿಂದ ಎತ್ತಿ ಎಂಟಿಟಿಗೆ, ಎಂಟಿಟಿಯಿಂದ ಎತ್ತಿ ಡಿಟಿಒಗೆ. ಸರ್ವಿಸ್ ಎಂಬ ಮಹಾಶಯನ ಕೆಲಸವಾದರೂ ಏನು? ಬ್ರೌಸರಿನ ಕೋರಿಕೆ ಪಡೆಯುವ ಕಂಟ್ರೋಲರ್ ಕೊಟ್ಟದ್ದನ್ನು ಡೇಟಾಬೇಸಿಗೆ ಬರೆಯುವ ರೆಪಾಸಿಟರಿಗೆ ದಾಟಿಸುವುದು. ಅಷ್ಟಕ್ಕೇ ಏನೇನು ಮಾಡಬೇಕೆಂದು ಪಟ್ಟಿ ಮಾಡುವ ಒಂದು ಇಂಟರ್‌ಫೇಸ್, ಅದರ ಹಿಂದೆ ಆ ಕೆಲಸ ಮಾಡುವ, ‘ಇಂಪ್ಲ್’ ಎಂಬ ಬಾಲದ ಕ್ಲಾಸ್. ಎರಡನೇ ಇಂಪ್ಲ್ ಹುಟ್ಟಿದ್ದನ್ನು ಯಾರಾದರೂ ಕಂಡಿದ್ದೀರಾ?

ತುಂಬಿದ್ದು ಸರಿಯೇ ಎಂದು ನೋಡುವ ವ್ಯಾಲಿಡೇಟರ್ ಬೇರೆ ಇದೆಯಲ್ಲ. ಹೆಸರಿನಲ್ಲಿ ಎ-ಯಿಂದ ಝಡ್‌ವರೆಗಿನ ಅಕ್ಷರ ಮಾತ್ರ ಇರಬೇಕೆಂದು ಯಾವನೋ ಪುಣ್ಯಾತ್ಮ ಬರೆದಿಟ್ಟಿದ್ದಾನೆ. ‘ಶಂಕರನಾರಾಯಣ’ ಅಂತ ಟೈಪಿಸಿದರೆ ಕೆಂಪಕ್ಷರದಲ್ಲಿ ‘ಅಮಾನ್ಯ ಹೆಸರು’! ಅದೇ ನಿಯಮ ಬ್ರೌಸರ್ ಕಡೆಯ ಕೋಡಿನಲ್ಲೂ ಇನ್ನೊಮ್ಮೆ.

“ಕೋಡನ್ನು ತಾನೇ ಬರೆಯುವ ಜನರೇಟರ್ ಹಾಕು ಮಾರಾಯ” ಎಂಬ ಉಪದೇಶ ಬೇರೆ. ಅದು ಕಕ್ಕಿದ ಸಾವಿರಾರು ಸಾಲನ್ನು ನಾಳೆ ಓದಿ ತಿದ್ದುವವರು ಯಾರು, ಅದರ ಅಪ್ಪನಾ? 2004ರಲ್ಲಿ ಬಂದ ರೈಲ್ಸ್ ಎಂಬ ವೆಬ್ ಚೌಕಟ್ಟು, ಟೇಬಲ್ ನೋಡಿ ಕಾಲಂಗಳನ್ನು ತಾನೇ ತಿಳಿದುಕೊಳ್ಳುತ್ತದೆ. ಅಂಥದ್ದೇ ಜಾಂಗೋದಲ್ಲಿ ಮಾಡೆಲ್ (ಟೇಬಲ್ಲಿನ ವಿವರಣೆ) ಇದ್ದರೆ ಫಾರ್ಮ್ ಅದರಿಂದಲೇ ಹುಟ್ಟುತ್ತದೆ. ಅಷ್ಟೇಕೆ, ಗೆಟ್ಟರ್‌ಗಳ ತವರುಮನೆ ಜಾವಾದಲ್ಲೇ 2021ರಲ್ಲಿ ರೆಕಾರ್ಡ್ ಎಂಬ ಚುಟುಕು ಕ್ಲಾಸ್ ಬಂತು, ಡಿಟಿಒ ಒಂದೇ ಸಾಲಿನಲ್ಲಿ ಮುಗಿಯಿತು. ನಮ್ಮ ಪ್ರಾಜೆಕ್ಟ್ ಮಾತ್ರ ಹಳೆಯ ಜಾವಾ 8ರಿಂದ ಕದಲುವುದಿಲ್ಲ. “ಓಡುತ್ತಿದೆಯಲ್ಲ, ಯಾಕೆ ಮುಟ್ಟುವುದು?” ಅಂತೆ!