ತಂಬೂರಿಯನ್ನೇ ಗಲಾಟೆ ಅಂದುಕೊಳ್ಳುವ ಸಾಫ್ಟ್‌ವೇರ್

ಗಣಪತಿ ಹಬ್ಬ ಮುಗಿದು ದಸರಾ ಬರುವಷ್ಟರಲ್ಲಿ ದಾವಣಗೆರೆ, ಚಿತ್ರದುರ್ಗದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಪ್ರಶ್ನೆ ಸುತ್ತುತ್ತಿರುತ್ತದೆ: "ವಚನ ಗಾಯನದ ರೆಕಾರ್ಡಿಂಗ್ ಇದೆ, ಕ್ಲೀನ್ ಮಾಡೋಕೆ ಯಾವ ಸಾಫ್ಟ್‌ವೇರ್ ಬೆಸ್ಟ್?" ಕೆಳಗೆ ಇಪ್ಪತ್ತು ಉತ್ತರ. ಅರ್ಧ ಜನ ಯಾವುದೋ ಎಐ ವೆಬ್‌ಸೈಟಿನ ಲಿಂಕ್ ಹಾಕಿರ್ತಾರೆ, ಉಳಿದವರು ಪೆನ್‌ಡ್ರೈವ್‌ನಲ್ಲಿ ಕ್ರ್ಯಾಕ್ ಇದೆ ಬನ್ನಿ ಅಂತಾರೆ. ರೆಕಾರ್ಡಿಂಗ್‌ಗೆ ಆಗಿರೋ ರೋಗ ಏನು ಅಂತ ಮಾತ್ರ ಯಾರೂ ಕೇಳಲ್ಲ.

ಸಾಫ್ಟ್‌ವೇರ್ ಆರಿಸೋಕೆ ನನ್ನ ಪ್ರಕಾರ ಒಂದೇ ಪರೀಕ್ಷೆ ಸಾಕು. ಅದು ತೆಗೆದುಹಾಕಿದ್ದನ್ನು ಬೇರೆಯಾಗಿ ಕೇಳಿಸುತ್ತದಾ? ಕೇಳಿಸದಿದ್ದರೆ ಬಿಡಿ, ಎಷ್ಟೇ ದುಬಾರಿಯಾಗಿರಲಿ.

ಒಂದೇ ಗುಂಡಿ ಒತ್ತಿದರೆ ಎಲ್ಲ ಸ್ವಚ್ಛ ಮಾಡುವ ಸೇವೆಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಮಾತಿಗಾಗಿ. ಒಂದೇ ಸಮನೆ ಕೇಳಿಸೋದೆಲ್ಲ ಫ್ಯಾನು, ಎಸಿ ಅನ್ನೋದು ಅವುಗಳ ಲೆಕ್ಕ. ನಮ್ಮ ಸಂಗೀತದಲ್ಲಿ ಒಂದೇ ಸಮನೆ ಕೇಳಿಸೋದು ತಂಬೂರಿ. ಹಾಗಾಗಿ ತಂಬೂರಿ ಮಾಯ, ಡಗ್ಗಾದ ಮೀಂಡ್ ಮಾಯ, ಗಾಯಕರ ಉದ್ದನೆಯ ಷಡ್ಜ ನಡುನಡುವೆ ಕತ್ತರಿಸಿದ ಹಾಗೆ. ಭಾಷಣಕ್ಕೆ ಬಳಸಿ, ಹಾಡಿಗೆ ಬೇಡ.

ಹೆಚ್ಚಿನವರಿಗೆ ಆಡಾಸಿಟಿ ಸಾಕು. ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಅದರ ನಾಯ್ಸ್ ರಿಡಕ್ಷನ್‌ನಲ್ಲಿ ಕೆಲಸ ಎರಡು ಹಂತ. ಬರೀ ಗಲಾಟೆ ಇರುವ ಒಂದೆರಡು ಸೆಕೆಂಡ್ ಆರಿಸಿ "ಗೆಟ್ ನಾಯ್ಸ್ ಪ್ರೊಫೈಲ್" ಒತ್ತಬೇಕು. ಆಮೇಲೆ ಇಡೀ ಟ್ರ್ಯಾಕ್ ಆರಿಸಿ ಅದೇ ಎಫೆಕ್ಟ್ ಮತ್ತೆ ತೆರೆದು ಅನ್ವಯಿಸಬೇಕು. ಎಡವಟ್ಟು ಆಗೋದು ಮೊದಲ ಹಂತದಲ್ಲೇ. ನಮ್ಮ ಕಛೇರಿಗಳಲ್ಲಿ ರೆಕಾರ್ಡರ್ ಆನ್ ಮಾಡೋ ಹೊತ್ತಿಗೆ ಶ್ರುತಿ ಪೆಟ್ಟಿಗೆ ಆಗಲೇ ಶುರುವಾಗಿರುತ್ತದೆ. ಆ "ಮೌನ"ವನ್ನು ಮಾದರಿಗೆ ಕೊಟ್ಟರೆ ಸಾಫ್ಟ್‌ವೇರ್ ಷಡ್ಜ ಪಂಚಮಗಳನ್ನೇ ಗಲಾಟೆ ಅಂತ ಕಲಿತು ಹಾಡಿನುದ್ದಕ್ಕೂ ಅವನ್ನೇ ಕೆರೆಯುತ್ತದೆ. ಶ್ರುತಿ ಹಚ್ಚೋ ಮೊದಲೇ ಹತ್ತು ಸೆಕೆಂಡ್ ಖಾಲಿ ಸಭಾಂಗಣ ರೆಕಾರ್ಡ್ ಮಾಡಿಕೊಳ್ಳಿ. ಆಗಲಿಲ್ಲವಾ, ಕೊನೆಗೆ ವಂದನಾರ್ಪಣೆ ಹೊತ್ತಿಗೆ ಶ್ರುತಿ ಪೆಟ್ಟಿಗೆ ನಿಲ್ಲಿಸಿರ್ತಾರೆ. ಎರಡು ಮಾತಿನ ನಡುವಿನ ಬಿಡುವು ಹುಡುಕಿ.

ತಗ್ಗಿಸೋ ಪ್ರಮಾಣ 6ರಿಂದ 9 ಡೆಸಿಬಲ್ ಸಾಕು. ಆಸೆಬಿದ್ದು 24 ಕೊಟ್ಟರೆ ನೀರೊಳಗೆ ಕೂತು ಹಾಡಿದ ಹಾಗಾಗುತ್ತದೆ. ಅನ್ವಯಿಸುವ ಮುಂಚೆ ಅದೇ ಕಿಟಕಿಯಲ್ಲಿ "ರೆಸಿಡ್ಯೂ" ಆಯ್ಕೆ ಮಾಡಿ ಪ್ರಿವ್ಯೂ ಕೇಳಿ. ತೆಗೆದುಹಾಕಲಿರುವ ಸದ್ದಷ್ಟೇ ಕೇಳಿಸುತ್ತದೆ. ಬರೀ ಫ್ಯಾನಿನ ಸುಂಯ್ ಇದ್ದರೆ ಸರಿ. ಅದರಲ್ಲಿ ಹಾಡು ಗುರುತು ಸಿಕ್ಕರೆ ಡೆಸಿಬಲ್, ಸೆನ್ಸಿಟಿವಿಟಿ ಎರಡೂ ಇಳಿಸಿ. ಪರೀಕ್ಷೆ ಆದ ಮೇಲೆ ಆಯ್ಕೆಯನ್ನು ಮತ್ತೆ "ರೆಡ್ಯೂಸ್"ಗೆ ತರೋದು ಮರೆತರೆ ಹಾಡು ಹೋಗಿ ಫ್ಯಾನು ಉಳಿಯುತ್ತದೆ, ಎಚ್ಚರ.

ಇನ್ನು ಗುಂಯ್‌ಗುಡುವ ಕರೆಂಟಿನ ಸದ್ದು. ಯೂಟ್ಯೂಬ್ ಪಾಠಗಳಲ್ಲಿ 60 ಹರ್ಟ್ಜ್ ಕತ್ತರಿಸಿ ಅಂತಾರೆ, ಆಡಾಸಿಟಿಯಲ್ಲಿ ಒಂದೇ ಹರ್ಟ್ಜ್ ಸುತ್ತ ಕತ್ತರಿಸುವ ನಾಚ್ ಫಿಲ್ಟರ್‌ನಲ್ಲೂ 60 ಅಂತಲೇ ಬರೆದು ಕೂತಿರುತ್ತದೆ. ಅದು ಅಮೆರಿಕದ ಕರೆಂಟು. ನಮ್ಮದು 50, ಅದರ ಮಕ್ಕಳು 100, 150, 200. ಆದರೆ ಕಣ್ಣುಮುಚ್ಚಿ ಕತ್ತರಿಸಬೇಡಿ. ಹಾರ್ಮೋನಿಯಂನ ಬಿಳಿ ಎರಡರಲ್ಲಿ ಹಾಡುವ ಗಂಡಸರ ಷಡ್ಜ 146.8 ಹರ್ಟ್ಜ್, ಕಪ್ಪು ಎರಡು 155.6. ಫಿಲ್ಟರ್‌ನ ಕ್ಯೂ (ಎಷ್ಟು ಕಿರಿದಾಗಿ ಕತ್ತರಿಸಬೇಕು ಅನ್ನೋ ಸಂಖ್ಯೆ) 5 ಇದ್ದರೆ 150ರ ಸುತ್ತ 30 ಹರ್ಟ್ಜ್ ಅಗಲದ ಹಳ್ಳ ಬೀಳುತ್ತದೆ, ಎರಡೂ ಷಡ್ಜ ಅದರೊಳಗೆ. ಕ್ಯೂ 30 ಕೊಟ್ಟರೆ ಹಳ್ಳ 5 ಹರ್ಟ್ಜ್‌ಗೆ ಕಿರಿದಾಗುತ್ತದೆ.

ಕರೆಂಟ್ ಹೋಗಿ ಜನರೇಟರ್ ಹಾಕಿದ್ದರೆ ಲೆಕ್ಕವೇ ಬೇರೆ, ಅದು ಸರಿಯಾಗಿ 50ಕ್ಕೆ ನಿಲ್ಲಲ್ಲ. ಯಾವ ಹರ್ಟ್ಜ್‌ನಲ್ಲಿ ಎಷ್ಟು ಸದ್ದಿದೆ ಅಂತ ತೋರಿಸುವ ಆಡಾಸಿಟಿಯ ಪ್ಲಾಟ್ ಸ್ಪೆಕ್ಟ್ರಮ್ ತೆರೆದು ಗಾತ್ರವನ್ನು 65536ಕ್ಕೆ ಏರಿಸಿ ಶಿಖರ ಎಲ್ಲಿದೆ ಅಂತ ಓದಿ. ಗಾತ್ರ 2048ರಲ್ಲೇ ಬಿಟ್ಟರೆ ಒಂದೊಂದು ಮೆಟ್ಟಿಲು 21 ಹರ್ಟ್ಜ್ ಮೀರುತ್ತದೆ, 48 ಯಾವುದು 51 ಯಾವುದು ತಿಳಿಯಲ್ಲ. ಪೆಂಡಾಲಿನ ಸೀರಿಯಲ್ ಸೆಟ್, ಡಿಮ್ಮರ್‌ಗಳಿಂದ ಬರೋ ಚರಚರ ಸದ್ದು ಮೇಲಿನವರೆಗೂ ಹಬ್ಬಿರುತ್ತದೆ. ನಾಲ್ಕು ನಾಚ್‌ಗೆ ಅದು ಬಗ್ಗಲ್ಲ. ಅಂಥದ್ದಕ್ಕೆ ಐಝೊಟೋಪ್ ಆರ್‌ಎಕ್ಸ್ ಅನ್ನೋ ಸಾಫ್ಟ್‌ವೇರಿನ ಡಿ-ಹಮ್ ನಿಜಕ್ಕೂ ಚೆನ್ನಾಗಿದೆ, ತೆಗೆದದ್ದನ್ನು ಕೇಳಿಸುವ ಸೌಲಭ್ಯವೂ ಇದೆ. ಬೆಲೆ ಮಾತ್ರ ವರ್ಷಕ್ಕೆರಡು ಭಜನೆ ರೆಕಾರ್ಡ್ ಮಾಡೋರಿಗೆ ದಂಡ.

ಮಿಕ್ಸರ್‌ನಿಂದ ಒಂದು ಲೈನ್, ಸಭೆಯಲ್ಲಿ ಒಂದು ಮೊಬೈಲ್, ಹೀಗೆ ಎರಡು ರೆಕಾರ್ಡಿಂಗ್ ಇದ್ದರೆ ಹಲವು ಟ್ರ್ಯಾಕ್ ಬೆರೆಸುವ ಸಾಫ್ಟ್‌ವೇರ್ ರೀಪರ್‌ಗೆ ಹೋಗಿ. 60 ದಿನ ಪೂರ್ತಿ ಬಳಸಿ ನೋಡಬಹುದು, ಆಮೇಲೆ ವೈಯಕ್ತಿಕ ಪರವಾನಗಿ 60 ಡಾಲರ್. ಮಿಕ್ಸರ್ ಲೈನಿನಲ್ಲಿ ಗಾಯಕರ ದನಿ ದಪ್ಪ, ತಬಲಾ ಸೊರಗಿರುತ್ತದೆ. ಸಣ್ಣ ಸಭಾಂಗಣದಲ್ಲಿ ತಬಲಾ ತಾನೇ ಕೇಳುತ್ತದೆ ಅಂತ ಆಪರೇಟರ್ ಅದನ್ನು ಏರಿಸಿರಲ್ಲ. ಮೊಬೈಲಿನದ್ದು ಬೆರೆಸಿದರೆ ಜೀವ ಬರುತ್ತದೆ. ಆದರೆ ಸ್ಪೀಕರ್‌ನಿಂದ 17 ಮೀಟರ್ ದೂರದ ಮೊಬೈಲಿಗೆ ಸದ್ದು ತಲುಪೋಕೆ ಸುಮಾರು 50 ಮಿಲಿಸೆಕೆಂಡ್ ಬೇಕು. ಮೊಬೈಲಿನ ಟ್ರ್ಯಾಕನ್ನು ಅಷ್ಟು ಹಿಂದಕ್ಕೆ (ಎಡಕ್ಕೆ) ಸರಿಸದಿದ್ದರೆ ಪ್ರತಿ ತಬಲಾ ಪೆಟ್ಟೂ ಎರಡೆರಡು. ಶುರುವಿನಲ್ಲೊಂದು, ಕೊನೆಯಲ್ಲೊಂದು ಚಪ್ಪಾಳೆ ರೆಕಾರ್ಡ್ ಆಗಿರಲಿ. ಎರಡು ಯಂತ್ರಗಳ ಗಡಿಯಾರ ಒಂದೇ ಥರ ಓಡಲ್ಲ, ಒಂದು ಗಂಟೆಯಲ್ಲಿ ಹತ್ತಾರು ಮಿಲಿಸೆಕೆಂಡ್ ಆಚೀಚೆ ಆಗಿರುತ್ತದೆ.

ಹಳೇ ಲ್ಯಾಪ್‌ಟಾಪಿನವರಿಗೆ ರೀಪರ್ ಇನ್ನೊಂದು ಕಾರಣಕ್ಕೂ ಒಳ್ಳೆಯದು. 48 ಕಿಲೋಹರ್ಟ್ಜ್ ಸ್ಟೀರಿಯೊದ ಒಂದು ಗಂಟೆ ಆಡಾಸಿಟಿಯ 32 ಬಿಟ್‌ನಲ್ಲಿ ಸುಮಾರು 1.4 ಜಿಬಿ. ಇಡೀ ಟ್ರ್ಯಾಕಿಗೆ ಎಫೆಕ್ಟ್ ಮೆನುವಿನಿಂದ ಎಫೆಕ್ಟ್ ಹಾಕಿದಾಗಲೆಲ್ಲ ಅಷ್ಟೇ ಮತ್ತೆ ಬರೆಯುತ್ತದೆ, ಹತ್ತು ಸಲ ಆದರೆ 14 ಜಿಬಿ. ಡಿಸ್ಕ್ ತುಂಬಿ ನಿಂತುಹೋದರೆ "ಫ್ರೀ ಸಾಫ್ಟ್‌ವೇರ್ ಹಿಂಗೇ" ಅಂತ ಬೈತಾರೆ. ರೀಪರ್ ಕೊನೆಗೆ ರೆಂಡರ್ ಮಾಡುವಾಗಷ್ಟೇ ಹೊಸ ಫೈಲ್ ಬರೆಯುತ್ತದೆ. ಬರೀ ಹಿಂದೆಮುಂದೆ ಕತ್ತರಿಸೋಕೆ ಇದ್ಯಾವುದೂ ಬೇಡ, ಓಸನ್‌ಆಡಿಯೋ ಹಗುರ, ಉಚಿತ.

ಡೊಳ್ಳು, ಹಲಗೆ ಇರುವ ರೆಕಾರ್ಡಿಂಗ್ ಮಂಡಕ್ಕಿ ಅಗಿದ ಹಾಗೆ ಕರಕರ ಅಂದರೆ ಅದು ಕ್ಲಿಪ್ಪಿಂಗ್, ಅಂದರೆ ಸದ್ದು ಮಿತಿ ದಾಟಿ ಒಡೆದಿದ್ದು. ಅಲೆಯ ತಲೆ ಬೋಳಿಸಿದ ಹಾಗೆ ಸಪಾಟಾಗಿದ್ದು, ಅಲ್ಲೊಂದು ಇಲ್ಲೊಂದು ಪೆಟ್ಟಿಗೆ ಮಾತ್ರ ಆಗಿದ್ದರೆ ಆಡಾಸಿಟಿಯ ಕ್ಲಿಪ್ ಫಿಕ್ಸ್ ಸ್ವಲ್ಪ ಕೂಡಿಸುತ್ತದೆ. ಮೈಕಿನಲ್ಲೋ ಮಿಕ್ಸರ್‌ನಲ್ಲೋ ಮೊದಲೇ ಒಡೆದು ಬಂದಿದ್ದರೆ ಅದಕ್ಕೆ ಗೊತ್ತೇ ಆಗಲ್ಲ. ಮುಂದಿನ ಸಲ 24 ಬಿಟ್‌ನಲ್ಲಿ, ಶಿಖರ ಮೈನಸ್ 12 ಡೆಸಿಬಲ್ ದಾಟದ ಹಾಗೆ ಇಡಿ. ಚಿತ್ರದುರ್ಗದ ಬಯಲು ವೇದಿಕೆಗಳಲ್ಲಿ ಗಾಳಿ ಹೊಡೆತವೂ ಹೀಗೇ: 80 ಹರ್ಟ್ಜ್ ಕೆಳಗೆ ಕತ್ತರಿಸಿದರೆ ಧಡಧಡ ಕಡಿಮೆಯಾಗುತ್ತದೆ, ಆದರೆ ಮೈಕಿಗೆ ತೊಡಿಸೋ ಫೋಮ್ ಟೋಪಿ ಮಾಡುವಷ್ಟು ಕೆಲಸ ಯಾವ ಫಿಲ್ಟರೂ ಮಾಡಲ್ಲ.

ಸದ್ದಿನ ಮಟ್ಟ ಏರಿಸೋದು ಕಟ್ಟಕಡೆಯ ಕೆಲಸ. ಜೋರು-ಮೆಲ್ಲನೆಯ ಅಂತರ ಕುಗ್ಗಿಸುವ ಕಂಪ್ರೆಸರ್ ಮೊದಲೇ ಹಾಕಿದರೆ ಫ್ಯಾನೂ ಜೊತೆಗೇ ಏರುತ್ತದೆ. ಯೂಟ್ಯೂಬ್ ತಾನೇ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಸುತ್ತ ಇಳಿಸಿಕೊಳ್ಳುತ್ತದೆ, ಅದಕ್ಕಿಂತ ಜೋರು ಮಾಡಿ ಲಾಭವಿಲ್ಲ. ಆಲಾಪ ಇರುವ ಹಾಡಿಗೆ ಮೈನಸ್ 16, ಶಿಖರ ಮಿತಿ ದಾಟದಂತೆ ತಡೆಯುವ ಲಿಮಿಟರ್ ಮೈನಸ್ 1 ಡೆಸಿಬಲ್‌ನಲ್ಲಿ. ಇಷ್ಟೆಲ್ಲ ಮಾಡಿ ಕಲಾವಿದರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಆಡಿಯೋ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಲಗತ್ತಿಸಿ, ಫೈಲ್ ಇದ್ದ ಹಾಗೇ ಹೋಗುತ್ತದೆ.